ಪ್ರತಿ ಸಲ ನಲವತ್ತನೇ ಪುಟದ ಹತ್ತಿರ ಕಥೆ ಕೈಬಿಡುತ್ತಿದ್ದೇನೆ. ಒಂದರಲ್ಲೇ ಕೊನೆತನಕ ಉಳಿಯುವುದು ಹೇಗೆ?

ಹೊಸಪುಟ · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು.

ನನ್ನ ಕಂಪ್ಯೂಟರಿನಲ್ಲಿ ‘ಕಥೆಗಳು’ ಅಂತ ಒಂದು ಫೋಲ್ಡರ್ ಇದೆ. ಅದರೊಳಗೆ ಹದಿನಾಲ್ಕು ಫೈಲ್. ನಿನ್ನೆ ಕೂತು ಒಂದೊಂದಾಗಿ ತೆರೆದು ನೋಡಿದೆ. ಮುಗಿದಿರುವುದು ಎರಡೇ, ಎರಡೂ ಸಣ್ಣಕಥೆ. ಉಳಿದ ಹನ್ನೆರಡೂ ಮೂವತ್ತರಿಂದ ನಲವತ್ತೈದನೇ ಪುಟದ ನಡುವೆ ಎಲ್ಲೋ ನಿಂತಿವೆ. ಒಂದಂತೂ ವಾಕ್ಯದ ಅರ್ಧಕ್ಕೇ ನಿಂತಿದೆ. ‘ಅವನು ತಿರುಗಿ ನೋಡಿದಾಗ’ ಅಂತ ಬರೆದಿದ್ದೇನೆ, ಮುಂದೆ ಖಾಲಿ. ತಿರುಗಿ ನೋಡಿದಾಗ ಅವನಿಗೆ ಏನು ಕಂಡಿತು ಅಂತ ನನಗೀಗ ನೆನಪಿಲ್ಲ. ಓದಿ ತುಂಬಾ ಬೇಜಾರಾಯಿತು.

ಪ್ರತಿ ಸಲವೂ ಆಗುವುದು ಒಂದೇ. ಶುರುವಿನಲ್ಲಿ ಕೈ ತಾನಾಗಿ ಓಡುತ್ತದೆ. ಎರಡು ತಿಂಗಳು ಹೀಗೆ ಹೋಗುತ್ತದೆ. ಆಮೇಲೆ ನಿಧಾನವಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಬೇರೆ ಕಥೆಯೊಂದು ಹೊಳೆಯುತ್ತದೆ. ಅದು ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ಇಷ್ಟು ದಿನ ಬರೆದದ್ದೆಲ್ಲ ಸಪ್ಪೆ ಅನ್ನಿಸಿಬಿಡುತ್ತದೆ.

ಈಗ ಬರೆಯುತ್ತಿರುವುದು ಒಂದು ಕಾದಂಬರಿ. ಸರಸಿ ಅನ್ನುವವಳು ಹನ್ನೆರಡು ವರ್ಷದ ಮೇಲೆ ಅಕ್ಕನ ಮನೆಗೆ ಬರುತ್ತಾಳೆ. ಅಪ್ಪ ತೀರಿಕೊಂಡಾಗ ಅವಳು ಬಂದಿರಲಿಲ್ಲ. ಆರು ಅಧ್ಯಾಯ ಆಗಿದೆ, ಸುಮಾರು 11,000 ಪದ. ಏಳನೇ ಅಧ್ಯಾಯದಲ್ಲಿ ಅವಳು ಬಾಗಿಲು ತಟ್ಟಬೇಕು. ಮೂರು ವಾರವಾಯಿತು, ಇನ್ನೂ ತಟ್ಟಿಲ್ಲ.

ಅಷ್ಟರಲ್ಲಿ ಹೊಸದು ಬಂದಿದೆ. ಒಬ್ಬ ದೀಪಸ್ತಂಭ ಕಾಯುವವನು. ಪ್ರತಿ ರಾತ್ರಿ ದಾಖಲೆ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು. ಒಂದು ದಿನ ಪುಟ ತಿರುಗಿಸಿದರೆ ಅವನದೇ ಅಕ್ಷರದಲ್ಲಿ, ಅವನು ಬರೆಯದ ಒಂದು ಸಾಲು ಇರುತ್ತದೆ.

ನಿನ್ನೆಯಿಂದ ತಲೆ ತುಂಬಾ ಇದೇ. ಇದು ಹದಿನೈದನೇ ಫೈಲ್ ಆಗುವುದು ನನಗೆ ಬೇಡ. ಕಾದಂಬರಿ ಮುಗಿಸಿದವರು ದಯವಿಟ್ಟು ಹೇಳಿ, ನೀವು ಈ ಜಾಗವನ್ನು ಹೇಗೆ ದಾಟಿದಿರಿ?

ಬೆಳಗುಜಾವ · ಸೋಮವಾರ, ರಾತ್ರಿ 11:15

ದಿನಾ ಒಂದೇ ಹೊತ್ತಿಗೆ, ಒಂದೇ ಕಡೆ ಕೂತು ಬರೆಯಿರಿ. ಸ್ಫೂರ್ತಿಗೆ ಕಾಯಬೇಡಿ.

ಆಂಟನಿ ಟ್ರೊಲೋಪ್ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿಕೊಂಡೇ ಒಂದರ ಹಿಂದೊಂದು ಕಾದಂಬರಿ ಬರೆದವರು. ಅವರು ತೀರಿಕೊಂಡ ಮೇಲೆ 1883ರಲ್ಲಿ ಆತ್ಮಕಥೆ ಬಂತು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬರೆಯುತ್ತಿದ್ದುದಾಗಿ, ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದ ಲೆಕ್ಕ ಇಟ್ಟುಕೊಂಡಿದ್ದುದಾಗಿ ಅದರಲ್ಲಿ ಹೇಳಿಕೊಂಡಿದ್ದಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅವರ ದಿನಚರಿ. ಪುಸ್ತಕ ಶುರು ಮಾಡುವಾಗಲೇ ವಾರವಾರಕ್ಕೆ ಮನೆ ಹಾಕಿ, ದಿನಕ್ಕೆ ಎಷ್ಟು ಪುಟ ಆಯಿತು ಅಂತ ತುಂಬಿಸುತ್ತಾ ಹೋಗುತ್ತಿದ್ದರು. ಒಂದು ವಾರ ಸೋಮಾರಿಯಾದರೆ ಆ ಖಾಲಿ ಮನೆ ಕಣ್ಣಿಗೆ ಹೊಡೆಯುತ್ತಿತ್ತು.

ನಾನೂ ಗೋಡೆಗೆ ಹಾಗೇ ಒಂದು ಹಾಳೆ ಅಂಟಿಸಿದ್ದೇನೆ. ದಿನಕ್ಕೆ 300 ಪದ. ಇಂಗ್ಲಿಷಿನವರ 1,000 ಪದದ ಗುರಿ ನೋಡಿ ಹೆದರಬೇಡಿ. ‘ಮನೆಯೊಳಗಿನಿಂದಲೇ’ ಅನ್ನುವುದು ನಮಗೆ ಒಂದು ಪದ, ಅವರು ಅದಕ್ಕೇ ನಾಲ್ಕೈದು ಪದ ಖರ್ಚು ಮಾಡಬೇಕು. ನಮ್ಮ 300 ಪದದಲ್ಲಿ ಸಾಕಷ್ಟು ಕಥೆ ಹಿಡಿಯುತ್ತದೆ.

ಹೊಸಪುಟ · ಮಂಗಳವಾರ, ಬೆಳಗ್ಗೆ 7:05

ತುಂಬಾ ಥ್ಯಾಂಕ್ಸ್. ಆದರೆ ಕೂರುವುದು ನನಗೆ ಕಷ್ಟವಾಗಿಲ್ಲ ಸರ್. ಮೂರು ವಾರವೂ ದಿನಾ ಕೂತಿದ್ದೇನೆ. ಕೂತು ಒಂದನೇ ಅಧ್ಯಾಯ ತಿದ್ದುತ್ತೇನೆ. ಅದನ್ನು ಈಗ ಒಂಬತ್ತನೇ ಸಲ ತಿದ್ದಿದೆ. ಗೋಡೆಯ ಹಾಳೆಯಲ್ಲಿ ನನ್ನ ಮನೆಗಳೆಲ್ಲ ತುಂಬಿರುತ್ತಿದ್ದವು, ಕಥೆ ಮಾತ್ರ ಅಲ್ಲೇ ಇರುತ್ತಿತ್ತು.

ಕರಡು_ಮೂರು · ಮಂಗಳವಾರ, ಬೆಳಗ್ಗೆ 8:20

ಒಂಬತ್ತನೇ ಸಲವಾ! ಮೊದಲು ಅದನ್ನು ನಿಲ್ಲಿಸಿ. ಮೊದಲ ಕರಡು ಮುಗಿಯುವ ತನಕ ಒಂದನೇ ಅಧ್ಯಾಯದ ಫೈಲ್ ತೆರೆಯಲೇಬೇಡಿ. ನಾನು ಪ್ರತಿ ಅಧ್ಯಾಯಕ್ಕೂ ಬೇರೆ ಫೈಲ್ ಮಾಡಿ, ಮುಗಿದದ್ದನ್ನು ಪೆನ್ ಡ್ರೈವಿಗೆ ಹಾಕಿ ಬೀರುವಿನಲ್ಲಿ ಇಡುತ್ತೇನೆ. ಕಂಪ್ಯೂಟರಿನಲ್ಲಿ ಈಗ ಬರೆಯುತ್ತಿರುವುದು ಒಂದೇ ಇರುತ್ತದೆ.

ನಿಜ ಹೇಳಬೇಕಂದರೆ, ನಿಮ್ಮ ಒಂದನೇ ಅಧ್ಯಾಯ ಹೇಗಿರಬೇಕು ಅಂತ ನಿಮಗೆ ಈಗ ಗೊತ್ತಾಗಲು ಸಾಧ್ಯವೇ ಇಲ್ಲ. ಕೊನೇ ಅಧ್ಯಾಯ ಬರೆದ ಮೇಲೇ ಅದು ಗೊತ್ತಾಗುವುದು. ನನ್ನ ಕಾದಂಬರಿಯ ಮೊದಲ ಹದಿನಾರು ಪುಟ ಕೊನೆಗೆ ಪೂರ್ತಿ ಹೋಯಿತು. ಅದನ್ನು ನಾನು ತಿಂಗಳುಗಟ್ಟಲೆ ತಿದ್ದಿದ್ದೆ. ಪ್ರತಿ ಅಲ್ಪವಿರಾಮ ಅದರ ಜಾಗದಲ್ಲಿತ್ತು. ಎಲ್ಲಾ ಹೋಯಿತು.

ತಿದ್ದುಪಡಿ · ಮಂಗಳವಾರ, ಮಧ್ಯಾಹ್ನ 1:30

ನಾನು ಹಲವು ವರ್ಷದಿಂದ ಬೇರೆಯವರ ಹಸ್ತಪ್ರತಿ ತಿದ್ದುವ ಕೆಲಸ ಮಾಡುತ್ತಿದ್ದೇನೆ. ಅರ್ಧಕ್ಕೆ ನಿಂತ ಕಥೆಗಳನ್ನೂ ಬಹಳ ನೋಡಿದ್ದೇನೆ, ಯಾಕೆಂದರೆ ಜನ ‘ಇದನ್ನು ಮುಂದುವರಿಸಬಹುದಾ ನೋಡಿ’ ಅಂತ ಕಳಿಸುತ್ತಾರೆ.

ಹೊಸಪುಟ ಅವರೇ, ನೀವು ಬರೆದದ್ದರಲ್ಲಿ ನನಗೆ ಕಂಡದ್ದು ಇದು. ನಿಮ್ಮ ಹನ್ನೆರಡು ಕಥೆ ಹನ್ನೆರಡು ಬೇರೆ ಬೇರೆ ಕಾರಣಕ್ಕೆ ನಿಂತಿಲ್ಲ. ಒಂದೇ ಜಾಗದಲ್ಲಿ ನಿಂತಿವೆ. ಮೂವತ್ತು ನಲವತ್ತು ಪುಟದ ತನಕ ಕಥೆ ಬರೀ ಪರಿಚಯ ಮಾಡಿಕೊಡುತ್ತಾ ಹೋಗಬಹುದು. ಇವಳು ಯಾರು, ಎಲ್ಲಿಂದ ಬಂದಳು, ಏನು ಕಳಕೊಂಡಳು. ಅಲ್ಲಿತನಕ ಏನು ಬರೆದರೂ ನಡೆಯುತ್ತದೆ, ಎಲ್ಲಾ ದಾರಿಯೂ ತೆರೆದೇ ಇರುತ್ತದೆ. ಆಮೇಲೆ ಒಂದು ಕಡೆ ನೀವು ಒಂದು ವಿಷಯ ತೀರ್ಮಾನ ಮಾಡಬೇಕಾಗುತ್ತದೆ. ಹೌದೋ ಅಲ್ಲವೋ. ತೀರ್ಮಾನ ಮಾಡಿದ ಕೂಡಲೇ ಬೇರೆ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ಅದು ನಮಗೆ ಬೇಡವಾಗಿರುತ್ತದೆ. ಆಗಲೇ ದೀಪಸ್ತಂಭ ಹೊಳೆಯುವುದು, ಯಾಕೆಂದರೆ ಅಲ್ಲಿ ಇನ್ನೂ ಒಂದು ದಾರಿಯೂ ಮುಚ್ಚಿಲ್ಲ.

ಆದ್ದರಿಂದ ಗಮನ ಹರಿದುಹೋಗುತ್ತಿದೆ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಕೊಡಿ. ಏಳನೇ ಅಧ್ಯಾಯದಲ್ಲಿ ಸರಸಿ ಬಾಗಿಲು ತಟ್ಟಿದ ಮೇಲೆ ಅಕ್ಕನ ಬಾಯಿಂದ ಬರುವ ಮೊದಲ ಮಾತು ಯಾವುದು?

ಹೊಸಪುಟ · ಮಂಗಳವಾರ, ರಾತ್ರಿ 9:50

ನನ್ನ ಹತ್ತಿರ ಪೂರ್ತಿ ಯೋಜನೆ ಇದೆ ಮೇಡಂ. ಇಪ್ಪತ್ತೆರಡು ಅಧ್ಯಾಯಕ್ಕೂ ಟಿಪ್ಪಣಿ ಮಾಡಿದ್ದೇನೆ. ಏಳನೆಯದಕ್ಕೆ ಬರೆದಿರುವುದು ಇಷ್ಟು: ‘ಸರಸಿ ಮತ್ತು ಅಕ್ಕನ ಭೇಟಿ. ಮಾತುಕತೆ. ಹಳೆಯ ನೆನಪುಗಳು.’

ಮೊದಲ ಮಾತು ಯಾವುದು ಅಂದರೆ... ಗೊತ್ತಿಲ್ಲ.

ತಿದ್ದುಪಡಿ · ಮಂಗಳವಾರ, ರಾತ್ರಿ 10:10

‘ಮಾತುಕತೆ’ ಅನ್ನುವ ಆ ಒಂದು ಪದದಲ್ಲೇ ನಿಮ್ಮ ಮೂರು ವಾರ ಸಿಕ್ಕಿಕೊಂಡಿದೆ ನೋಡಿ. ಯಾರು ಏನು ಕೇಳುತ್ತಾರೆ, ಯಾರು ಏನು ಮುಚ್ಚಿಡುತ್ತಾರೆ? ಅಕ್ಕನಿಗೆ ಸರಸಿ ಬರುವುದು ಮುಂಚೆಯೇ ಗೊತ್ತಿತ್ತಾ, ಇಲ್ಲವಾ? ಗೊತ್ತಿದ್ದರೆ ಅದು ಬೇರೆಯೇ ಕಾದಂಬರಿ. ಗೊತ್ತಿಲ್ಲದಿದ್ದರೆ ಇನ್ನೊಂದು ಕಾದಂಬರಿ. ನೀವು ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೀರಿ.

ಇವತ್ತೇ ತೀರ್ಮಾನಿಸಬೇಕು ಅಂತಲ್ಲ. ಆದರೆ ನಿಮ್ಮನ್ನು ತಡೆದಿರುವ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳಿ. ‘ಏಳನೇ ಅಧ್ಯಾಯ ಬರೆಯಬೇಕು’ ಅಂತ ಬರೆದರೆ ಅದು ಬೆದರಿಸುತ್ತದೆ. ‘ಅಕ್ಕನಿಗೆ ಗೊತ್ತಿತ್ತಾ?’ ಅಂತ ಬರೆದರೆ ತಲೆ ಅದರ ಹಿಂದೆ ಹೋಗುತ್ತದೆ.

ನಿಧಾನಗಾಮಿ · ಬುಧವಾರ, ಬೆಳಗ್ಗೆ 6:40

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಒಂದೇ ಕಥೆ ಹಿಡಿದು ಕೂರಬೇಕು ಅನ್ನುವುದು ಎಲ್ಲರಿಗೂ ಒಗ್ಗುವ ನಿಯಮ ಅಲ್ಲ. ನನ್ನ ಹತ್ತಿರ ಯಾವಾಗಲೂ ಎರಡು ಇರುತ್ತವೆ. ಒಂದರಲ್ಲಿ ಸಿಕ್ಕಿಕೊಂಡರೆ ಇನ್ನೊಂದಕ್ಕೆ ಹೋಗುತ್ತೇನೆ. ಹೀಗೇ ಎರಡು ಕಾದಂಬರಿ ಮುಗಿಸಿದ್ದೇನೆ, ಮೂರನೆಯದು ನಡೆಯುತ್ತಿದೆ. ದೀಪಸ್ತಂಭ ಕರೆಯುತ್ತಿದ್ದರೆ ಹೋಗಿ ಬರಲಿ, ತಪ್ಪೇನು?

ಕರಡು_ಮೂರು · ಬುಧವಾರ, ಬೆಳಗ್ಗೆ 7:15

ನೀವು ಹೋಗಿ ವಾಪಸ್ ಬರುತ್ತೀರಿ ಸರ್. ಅವರು ಹನ್ನೆರಡು ಸಲ ಹೋಗಿದ್ದಾರೆ, ಒಂದು ಸಲವೂ ವಾಪಸ್ ಬಂದಿಲ್ಲ.

ನಿಧಾನಗಾಮಿ · ಬುಧವಾರ, ಬೆಳಗ್ಗೆ 7:30

ಅದು ಸರಿ, ಒಪ್ಪುತ್ತೇನೆ. ನಾನು ಹೇಳದೆ ಬಿಟ್ಟ ಒಂದು ವಿಷಯ ಇದೆ. ನನ್ನ ಎರಡು ಕಥೆ ಯಾವತ್ತೂ ಒಂದೇ ಹಂತದಲ್ಲಿ ಇರುವುದಿಲ್ಲ. ಒಂದು ಮೊದಲ ಕರಡು, ಇನ್ನೊಂದು ಮುಗಿದು ತಿದ್ದುವ ಹಂತದ್ದು. ಎರಡಕ್ಕೂ ಬೇಕಾಗುವ ಮನಸ್ಸು ಬೇರೆ. ಎರಡೂ ಮೊದಲ ಕರಡು ಆಗಿದ್ದ ಒಂದು ವರ್ಷ ಇತ್ತು. ಆ ವರ್ಷ ಎರಡೂ ಮುಂದೆ ಹೋಗಲಿಲ್ಲ. ಒಬ್ಬಳ ಮಾತು ಇನ್ನೊಬ್ಬಳ ಬಾಯಲ್ಲಿ ಬರುತ್ತಿತ್ತು.

ಮನೋಓದು · ಬುಧವಾರ, ಮಧ್ಯಾಹ್ನ 12:00

ಇದರ ಬಗ್ಗೆ ಮನಃಶಾಸ್ತ್ರದಲ್ಲಿ ಕೆಲಸ ಆಗಿದೆ. ನನಗೆ ಆ ಓದಿನಿಂದ ನಿಜವಾಗಿ ಸಹಾಯ ಆಗಿದೆ, ಅದಕ್ಕೇ ಹೇಳುತ್ತೇನೆ.

ಮೊದಲನೆಯದು ನಿಧಾನಗಾಮಿಯವರು ಹೇಳಿದ್ದಕ್ಕೆ ಸೇರಿದ್ದು. ಸೋಫಿ ಲೆರಾಯ್ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಕೆಲಸ ಮುಗಿಸದೆ ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಳೆಯದರಲ್ಲೇ ಉಳಿದುಬಿಡುತ್ತದೆ, ಹೊಸ ಕೆಲಸ ಅಷ್ಟು ಚೆನ್ನಾಗಿ ಆಗುವುದಿಲ್ಲ ಅಂತ ಅದರ ತಿರುಳು. ಅದಕ್ಕೆ ಅವರು ‘ಗಮನದ ಉಳಿಕೆ’ ಅನ್ನುವ ಅರ್ಥದ ಹೆಸರು ಕೊಟ್ಟರು. ಸರಸಿಯನ್ನು ಬಾಗಿಲ ಹೊರಗೆ ನಿಲ್ಲಿಸಿ ದೀಪಸ್ತಂಭಕ್ಕೆ ಹೋದರೆ, ಅಲ್ಲೂ ನೀವು ಪೂರ್ತಿ ಇರುವುದಿಲ್ಲ.

ಎರಡನೆಯದು ಇನ್ನೂ ಹಳೆಯದು. ಅರ್ಧಕ್ಕೆ ನಿಂತ ಕೆಲಸ ಮನಸ್ಸಿನಲ್ಲಿ ಜಾಸ್ತಿ ಉಳಿಯುತ್ತದೆ ಅಂತ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ತೋರಿಸಿದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಅದು ಪ್ರತಿ ಸಲ ಹಾಗೇ ಬರಲಿಲ್ಲ. ಅದೇ ಕಾಲದಲ್ಲಿ, 1928ರಲ್ಲಿ, ಮರಿಯಾ ಓವ್ಸಿಯಾಂಕಿನಾ ಅನ್ನುವವರು ಇನ್ನೊಂದು ವಿಷಯ ಗಮನಿಸಿದರು. ನಡುವೆ ತಡೆದ ಕೆಲಸಕ್ಕೆ ಜನ ಯಾರೂ ಹೇಳದಿದ್ದರೂ ತಾವಾಗಿಯೇ ವಾಪಸ್ ಹೋಗುತ್ತಾರೆ. ಅರ್ಧ ಮಾಡಿದ್ದು ಎಳೆಯುತ್ತದೆ ಅಂತಾಯಿತು.

ಮೂರನೆಯದು ನಿಮಗೆ ಈಗ ಬೇಕಾದದ್ದು. ಮಸಿಕಾಂಪೊ ಮತ್ತು ಬೌಮೈಸ್ಟರ್ ಅವರ 2011ರ ಸಂಶೋಧನೆ. ಆಗದೆ ಉಳಿದ ಗುರಿಯೊಂದು ಬೇರೆ ಕೆಲಸದ ನಡುವೆ ತಲೆಗೆ ಬಂದು ಕಾಡುತ್ತದೆ. ಆದರೆ ಅದನ್ನು ಮುಂದೆ ಹೇಗೆ ಮಾಡುತ್ತೇನೆ ಅಂತ ಖಚಿತವಾದ ಯೋಜನೆ ಬರೆದವರಲ್ಲಿ ಆ ಕಾಟ ಕಡಿಮೆಯಾಯಿತು. ಕೆಲಸ ಮಾಡಿರಲಿಲ್ಲ, ಯೋಜನೆ ಹಾಕಿದ್ದರು ಅಷ್ಟೇ.

ಹಾಗಾಗಿ ದೀಪಸ್ತಂಭವನ್ನು ಒತ್ತಿ ಹಿಡಿಯಬೇಡಿ, ಜಾಸ್ತಿಯಾಗುತ್ತದೆ. ‘ದೀಪಸ್ತಂಭ, ದಾಖಲೆ ಪುಸ್ತಕ’ ಅಂತ ಒಂದು ಸಾಲು ಗೀಚಿಟ್ಟರೂ ಸಾಲದು, ಮನಸ್ಸು ಅದನ್ನು ನಂಬುವುದಿಲ್ಲ. ಒಂದು ಗಂಟೆ ಕೊಡಿ. ಆ ಮನುಷ್ಯನ ವಯಸ್ಸು, ಆ ಸಾಲು ಯಾವುದು, ಮೊದಲ ದೃಶ್ಯ ಎಲ್ಲಿ, ಯಾವ ತಿಂಗಳಲ್ಲಿ ಮತ್ತೆ ತೆರೆಯುತ್ತೀರಿ, ಎಲ್ಲಾ ಬರೆಯಿರಿ. ಬರೆದು ಮುಚ್ಚಿ. ನಾನು ಹೀಗೆ ನಾಲ್ಕು ಕಥೆ ಮುಚ್ಚಿಟ್ಟಿದ್ದೇನೆ. ಆಮೇಲೆ ತೆರೆದು ನೋಡಿದಾಗ ಎರಡು ತಣ್ಣಗಾಗಿದ್ದವು. ಒಂದನ್ನು ಬರೆದೆ.

ಸಂಜೆಮಲ್ಲಿ · ಬುಧವಾರ, ರಾತ್ರಿ 11:50

ಮಕ್ಕಳು ಮಲಗಿದ ಮೇಲೆ ನನಗೆ ಸಿಗುವುದು ನಲವತ್ತು ನಿಮಿಷ. ಅದರಲ್ಲಿ ಇಪ್ಪತ್ತು ನಿಮಿಷ ‘ನಿನ್ನೆ ಎಲ್ಲಿದ್ದೆ’ ಅಂತ ಹುಡುಕುವುದರಲ್ಲೇ ಹೋಗುತ್ತಿತ್ತು. ಕಥೆಯೊಳಗೆ ಹೋಗುವಷ್ಟರಲ್ಲಿ ನಿದ್ದೆ. ಹೊಸ ಕಥೆ ಶುರು ಮಾಡಿದರೆ ಹುಡುಕುವ ಕೆಲಸವೇ ಇಲ್ಲ, ಅಲ್ವಾ. ನಾನು ಕಥೆ ಬಿಡುತ್ತಿದ್ದುದು ಬಹುಶಃ ಇದೇ ಕಾರಣಕ್ಕೆ.

ಈಗ ಒಂದು ಮಾಡುತ್ತೇನೆ. ಏಳುವ ಮುಂಚೆ ಕೊನೆಯ ಮೂರು ನಿಮಿಷ ಕಥೆ ಬರೆಯುವುದಿಲ್ಲ. ನಾಳೆಯ ನನಗೆ ಒಂದು ಚೀಟಿ ಬರೆಯುತ್ತೇನೆ. ನಿನ್ನೆಯ ಚೀಟಿ ಹೀಗಿತ್ತು: ‘ಅವನು ಕೀಲಿ ಕೊಟ್ಟಿದ್ದಾನೆ, ಅವಳು ಇನ್ನೂ ತಗೊಂಡಿಲ್ಲ. ಕೀಲಿ ಬೆಚ್ಚಗಿದೆ, ತುಂಬಾ ಹೊತ್ತು ಅವನ ಮುಷ್ಟಿಯಲ್ಲಿತ್ತು. ಅವಳಿಗೆ ಅದು ಗೊತ್ತಾಗಲಿ.’

ಇವತ್ತು ಕೂತ ಕೂಡಲೇ ಅವಳ ಕೈ ಚಾಚಿತು. ಮತ್ತೆ, ದೃಶ್ಯ ಮುಗಿಸಿ ಏಳಬೇಡಿ. ಮುಂದಿನ ಸಾಲು ಗೊತ್ತಿರುವಾಗಲೇ ನಿಲ್ಲಿಸಿ. ಇನ್ನೂ ಬರೆಯಬೇಕು ಅನ್ನಿಸುವಾಗ ಏಳುವುದು ಮೊದಮೊದಲು ತುಂಬಾ ಕಷ್ಟ. ಆದರೆ ಮರುದಿನ ಅದೇ ಕರೆಯುತ್ತದೆ.

ಹೊಸಪುಟ · ಗುರುವಾರ, ಬೆಳಗ್ಗೆ 6:55

ಎಲ್ಲರದ್ದೂ ಓದಿದೆ. ಕೆಲವನ್ನು ಎರಡು ಸಲ.

ತಿದ್ದುಪಡಿ ಮೇಡಂ ಕೇಳಿದ ಪ್ರಶ್ನೆಯನ್ನು ರಾತ್ರಿ ಒಂದು ಹಾಳೆಯಲ್ಲಿ ಬರೆದು ನೋಡುತ್ತಾ ಕೂತೆ. ‘ಅಕ್ಕನಿಗೆ ಗೊತ್ತಿತ್ತಾ?’ ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಅರ್ಥವಾಯಿತು, ನಾನು ಆ ಬಾಗಿಲ ಹತ್ತಿರ ಹೋಗಲು ಹೆದರುತ್ತಿದ್ದೇನೆ. ನನಗೂ ಒಬ್ಬ ಅಕ್ಕ ಇದ್ದಾಳೆ. ಅಷ್ಟು ಹೇಳಿದರೆ ಸಾಕು ಅಂದುಕೊಳ್ಳುತ್ತೇನೆ.

ದೀಪಸ್ತಂಭದವನಿಗೆ ಅಕ್ಕ ಇಲ್ಲ. ಯಾರೂ ಇಲ್ಲ.

ತಿದ್ದುಪಡಿ · ಗುರುವಾರ, ಬೆಳಗ್ಗೆ 9:10

ಹೇಳಿದ್ದು ಒಳ್ಳೆಯದಾಯಿತು. ಸಾಕು, ಜಾಸ್ತಿ ಹೇಳಬೇಕಿಲ್ಲ.

ಕರಡು ನಿಮ್ಮೊಬ್ಬರದು. ಅದನ್ನು ಯಾರಿಗೂ ತೋರಿಸಬೇಕಿಲ್ಲ. ಅಲ್ಲಿ ಸರಸಿ ಏನು ಬೇಕಾದರೂ ಹೇಳಬಹುದು, ಅಕ್ಕನೂ ಹೇಳಬಹುದು. ಆಮೇಲೆ ತೆಗೆಯುವುದು ಇದ್ದೇ ಇದೆ. ಒಂದು ಸಣ್ಣ ಉಪಾಯ ಮಾತ್ರ ಹೇಳುತ್ತೇನೆ: ಸರಸಿಯ ಕಡೆಯಿಂದ ಬರೆಯಲು ಆಗದಿದ್ದರೆ, ಮೊದಲು ಒಳಗಿನಿಂದ ಬರೆಯಿರಿ. ಬಾಗಿಲು ತಟ್ಟಿದ ಸದ್ದು ಕೇಳಿದಾಗ ಅಕ್ಕ ಏನು ಮಾಡುತ್ತಿದ್ದಳು? ಆ ಪುಟ ಕಾದಂಬರಿಗೆ ಬರಬೇಕಿಲ್ಲ. ನಿಮಗೆ ಗೊತ್ತಾದರೆ ಸಾಕು.

ಓದುವವನು · ಗುರುವಾರ, ಸಂಜೆ 5:45

ಎಲ್ಲರೂ ಮುಗಿಸಿ ಮುಗಿಸಿ ಅನ್ನುತ್ತಿದ್ದೀರಿ. ಬಿಡಲೇಬೇಕಾದ ಕಥೆಯೂ ಇರುತ್ತದೆ ಅಲ್ವಾ? ನಾನು ಒಂದನ್ನು ಆರು ವರ್ಷ ಎಳೆದೆ. ಬಿಟ್ಟರೆ ಸೋತಂತೆ ಅಂತ ಅನ್ನಿಸುತ್ತಿತ್ತು. ಆ ಆರು ವರ್ಷದಲ್ಲಿ ಬೇರೆ ಏನೂ ಬರೆಯಲಿಲ್ಲ. ಕೊನೆಗೆ ಮುಗಿಸಿದೆ, ಆದರೆ ಬರೆದವನು ಅಷ್ಟು ಹೊತ್ತಿಗೆ ಆ ಕಥೆಯಿಂದ ಹೊರಗೆ ಹೋಗಿಬಿಟ್ಟಿದ್ದ. ಓದಿದವರಿಗೆ ಅದು ಗೊತ್ತಾಯಿತು.

ತಿದ್ದುಪಡಿ · ಗುರುವಾರ, ರಾತ್ರಿ 8:30

ಖಂಡಿತ ಇರುತ್ತದೆ. ನಿಮ್ಮ ಮಾತು ಇಲ್ಲಿ ಬರಲೇಬೇಕಿತ್ತು.

ಬಿಡಬೇಕೋ ಬೇಡವೋ ಅಂತ ನನ್ನನ್ನು ಕೇಳುವವರಿಗೆ ನಾನು ಎರಡು ಕೇಳುತ್ತೇನೆ. ಈ ಕಥೆಯಲ್ಲಿ ನಿಮಗೆ ಇನ್ನೂ ಉತ್ತರ ಗೊತ್ತಿಲ್ಲದ, ಆದರೆ ಗೊತ್ತಾಗಬೇಕು ಅನ್ನಿಸುವ ಪ್ರಶ್ನೆ ಉಳಿದಿದೆಯಾ? ಬೇರೆ ಯಾರಾದರೂ ಇದನ್ನು ಬರೆದರೆ ನಿಮಗೆ ಹೊಟ್ಟೆ ಉರಿಯುತ್ತದಾ? ಎರಡಕ್ಕೂ ಇಲ್ಲ ಅಂದರೆ ಬಿಡಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಬಿಡುವ ದಿನ ಕೂತು, ಯಾಕೆ ಬಿಡುತ್ತಿದ್ದೇನೆ ಅಂತ ಒಂದು ಪುಟ ಬರೆದು ಆ ಫೈಲಿನ ತುದಿಗೆ ಸೇರಿಸಿ. ಗೊತ್ತಿದ್ದು ಬಿಟ್ಟ ಕಥೆ ಮನಸ್ಸಿನಿಂದ ಇಳಿದುಹೋಗುತ್ತದೆ. ಸುಮ್ನೆ ಜಾರಿಹೋದದ್ದು ವರ್ಷಗಟ್ಟಲೆ ಕಾಡುತ್ತದೆ.

ಮತ್ತೆ, ಸಿಕ್ಕಿಕೊಂಡಿರುವ ವಾರದಲ್ಲಿ ಈ ತೀರ್ಮಾನ ಮಾಡಬೇಡಿ. ಕಷ್ಟದ ದೃಶ್ಯ ದಾಟಿ, ಆಮೇಲೆ ಯೋಚಿಸಿ.

ಬೆಳಗುಜಾವ · ಗುರುವಾರ, ರಾತ್ರಿ 9:00

ನವೆಂಬರ್ ತಿಂಗಳಲ್ಲಿ 50,000 ಪದ ಬರೆಯುವ ಆ ಸವಾಲು 1999ರಲ್ಲಿ ಶುರುವಾಗಿ ಪ್ರಪಂಚದ ತುಂಬಾ ಹರಡಿತ್ತಲ್ಲ, ನಾನು ಎರಡು ಸಲ ಮಾಡಿದ್ದೆ. ದಿನಕ್ಕೆ 1,667 ಪದ. ಒಂದು ಸಲ ಮುಗಿಸಿದೆ. ಆ ವೇಗ ನನಗೆ ಹಿಡಿಸಲಿಲ್ಲ, ಆದರೆ ಒಂದು ಅನುಕೂಲ ಆಯಿತು. ಕೊನೆಯ ದಿನಾಂಕ ಗೊತ್ತಿದ್ದರೆ ಹೊಸ ಕಥೆಗೆ ‘ಡಿಸೆಂಬರ್‌ನಲ್ಲಿ ಬಾ’ ಅನ್ನಬಹುದು. ಅದು ನಿಜವಾಗಿಯೂ ಕಾಯುತ್ತದೆ. ದಿನಾಂಕವೇ ಇಲ್ಲದಿದ್ದರೆ ಯಾವಾಗ ಬಾ ಅಂತ ಹೇಳುವುದು?

ಕರಡು_ಮೂರು · ಗುರುವಾರ, ರಾತ್ರಿ 9:40

ನನ್ನದೂ ಒಂದು ಮಾತು. ಕಥೆಯನ್ನು ಬಾಯಲ್ಲಿ ಹೇಳಿ ಮುಗಿಸಬೇಡಿ. ನಾನು ಒಮ್ಮೆ ಗೆಳೆಯನಿಗೆ ಎರಡು ಗಂಟೆ ಕೂತು ಇಡೀ ಕಾದಂಬರಿ ಹೇಳಿದೆ. ಅವನ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದು ಬರೆಯಲು ಕೂತರೆ ನನ್ನೊಳಗೆ ಏನೂ ಇರಲಿಲ್ಲ. ಹೇಳಬೇಕಾದದ್ದನ್ನು ಹೇಳಿಯಾಗಿತ್ತು.

ನಿಧಾನಗಾಮಿ · ಗುರುವಾರ, ರಾತ್ರಿ 10:05

ನನಗೆ ಇದು ಉಲ್ಟಾ. ಹೇಳಿದಾಗಲೇ ಎಲ್ಲಿ ತೂತಿದೆ ಅಂತ ಗೊತ್ತಾಗುವುದು. ಕೇಳುವವರು ‘ಹಾಗಾದರೆ ಅವನು ಯಾಕೆ ಸುಮ್ಮನಿದ್ದ?’ ಅಂದರೆ ಸಾಕು, ನನಗೆ ಮುಂದಿನ ಅಧ್ಯಾಯ ಸಿಗುತ್ತದೆ. ಒಬ್ಬೊಬ್ಬರದು ಒಂದೊಂದು ಥರ ಇರಬೇಕು.

ಹೊಸಪುಟ · ಮುಂದಿನ ವಾರ ಶನಿವಾರ, ರಾತ್ರಿ 10:20

ಇಷ್ಟು ದಿನ ಇಲ್ಲಿ ಬರಲಿಲ್ಲ, ಬರೆಯುತ್ತಿದ್ದೆ.

ಮೊದಲು ದೀಪಸ್ತಂಭ. ಮನೋಓದು ಹೇಳಿದ ಹಾಗೆ ಒಂದು ಗಂಟೆ ಅಂತ ಕೂತೆ, ಒಂದೂವರೆ ಆಯಿತು. ಎರಡೂವರೆ ಪುಟ. ಅವನ ವಯಸ್ಸು ಐವತ್ತೆಂಟು. ಆ ಸಾಲು ಯಾವುದು ಅಂತ ಕೂಡ ಸಿಕ್ಕಿತು. ಸರಸಿಯ ಕರಡು ಮುಗಿದ ಮರುದಿನ ತೆರೆಯುತ್ತೇನೆ ಅಂತ ಮೇಲೆ ಬರೆದು ಮುಚ್ಚಿದೆ. ಮೊದಲ ಎರಡು ದಿನ ಮತ್ತೆ ಬಂತು. ಮೂರನೇ ದಿನದಿಂದ ಅಷ್ಟಾಗಿ ಬಂದಿಲ್ಲ.

ಆಮೇಲೆ ಅಕ್ಕ. ಒಳಗಿನಿಂದ ಬರೆಯಿರಿ ಅಂದಿರಿ. ನಾಲ್ಕು ರಾತ್ರಿ ಬರೆದೆ. ಮೊದಲ ಮೂರು ರಾತ್ರಿಯದು ಚೆನ್ನಾಗಿರಲಿಲ್ಲ. ಅಕ್ಕ ಅಳುತ್ತಿದ್ದಳು, ಬೈಯುತ್ತಿದ್ದಳು, ಹನ್ನೆರಡು ವರ್ಷದ ಲೆಕ್ಕ ಒಪ್ಪಿಸುತ್ತಿದ್ದಳು. ಅದು ಅವಳ ಮಾತೇ ಆಗಿರಲಿಲ್ಲ, ನನ್ನದು. ನಾಲ್ಕನೇ ರಾತ್ರಿ ಅವಳು ಸುಮ್ಮನೆ ಬಟ್ಟೆ ಮಡಿಸುತ್ತಿದ್ದಳು. ಗೇಟಿನ ಸದ್ದಾಯಿತು. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ. ಹೆಜ್ಜೆ ಸದ್ದು ಮೆಟ್ಟಿಲ ಹತ್ತಿರ ಬಂದು ನಿಂತಿತು, ತುಂಬಾ ಹೊತ್ತು ನಿಂತಿತು. ಸರಸಿ ಕೈ ಎತ್ತಿ ತಟ್ಟುವ ಮುಂಚೆಯೇ ಅಕ್ಕ ಒಳಗಿನಿಂದ ಹೇಳಿದಳು:

‘ಚಿಲಕ ಹಾಕಿಲ್ಲ, ತಳ್ಳು.’

ಬರೆದ ಮೇಲೆ ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಅವಳು ಯಾರು ಅಂತ ಕೇಳಲಿಲ್ಲ. ಅಂದರೆ ಅಕ್ಕನಿಗೆ ಗೊತ್ತಿತ್ತು.

ಅಲ್ಲಿಂದ ಏಳನೇ ಅಧ್ಯಾಯ ಐದು ದಿನದಲ್ಲಿ ಆಯಿತು. 1,900 ಪದ. ಅರ್ಧದಷ್ಟು ಮಾತುಕತೆ ಕೆಟ್ಟದಾಗಿದೆ, ನನಗೇ ಗೊತ್ತು. ಸಂಜೆಮಲ್ಲಿಯವರ ಚೀಟಿ ದಿನಾ ಬರೆಯುತ್ತಿದ್ದೇನೆ. ಅದಿಲ್ಲದೆ ಆಗುತ್ತಿರಲಿಲ್ಲ.

ಈಗ ಒಂದು ತೊಂದರೆ ಇದೆ. ಅಕ್ಕನಿಗೆ ಮುಂಚೆಯೇ ಗೊತ್ತಿದ್ದರೆ ನಾಲ್ಕನೇ ಅಧ್ಯಾಯ ತಪ್ಪಾಗುತ್ತದೆ. ಅಲ್ಲಿ ಸರಸಿ ಬರೆದ ಕಾಗದ ಅಕ್ಕನಿಗೆ ಸಿಗಲೇ ಇಲ್ಲ ಅಂತ ಇದೆ. ಹಿಂದೆ ಹೋಗಿ ಸರಿಮಾಡಿ ಬರಲಾ? ಎರಡು ದಿನದ ಕೆಲಸ ಅಷ್ಟೇ.

ಕರಡು_ಮೂರು · ಶನಿವಾರ, ರಾತ್ರಿ 10:32

ಬೇಡ!

ನಾಲ್ಕನೇ ಅಧ್ಯಾಯದ ಮೇಲ್ಗಡೆ ಒಂದು ಸಾಲು ಹಾಕಿ: ‘ಕಾಗದ ಸಿಕ್ಕಿದೆ, ಅಕ್ಕ ಹೇಳಿಲ್ಲ.’ ಅಷ್ಟು ಸಾಕು. ಈಗಾಗಲೇ ತಿದ್ದಿ ಆಗಿದೆ ಅಂದುಕೊಂಡೇ ಎಂಟನೆಯದನ್ನು ಬರೆಯಿರಿ. ನಾನು ಮೊದಲ ಕರಡಿನಲ್ಲಿ ಒಬ್ಬ ಪಾತ್ರದ ಹೆಸರನ್ನೇ ನಡುವೆ ಬದಲಾಯಿಸಿದ್ದೇನೆ. ಅರ್ಧ ಪುಸ್ತಕದಲ್ಲಿ ಒಂದು ಹೆಸರು, ಇನ್ನರ್ಧದಲ್ಲಿ ಇನ್ನೊಂದು. ಎರಡನೇ ಕರಡಿನಲ್ಲಿ ಒಂದು ಮಧ್ಯಾಹ್ನದಲ್ಲಿ ಸರಿಯಾಯಿತು.

ಎರಡು ದಿನ ಅಂತ ಹೋಗುತ್ತೀರಿ. ನಾಲ್ಕನೆಯದು ತೆರೆದರೆ ಮೂರನೆಯದು ಕರೆಯುತ್ತದೆ, ಆಮೇಲೆ ಒಂದನೆಯದು.

ಸಂಜೆಮಲ್ಲಿ · ಶನಿವಾರ, ರಾತ್ರಿ 11:45

‘ಚಿಲಕ ಹಾಕಿಲ್ಲ, ತಳ್ಳು.’ ಓದಿ ಮೈ ಜುಂ ಅಂದಿತು. ಅವಳು ಎಷ್ಟು ವರ್ಷದಿಂದ ಚಿಲಕ ಹಾಕದೆ ಇಟ್ಟಿದ್ದಳೋ.

ಹೊಸಪುಟ · ಭಾನುವಾರ, ಬೆಳಗ್ಗೆ 6:30

ಅದನ್ನು ನಾನು ಯೋಚಿಸಿಯೇ ಇರಲಿಲ್ಲ ಅಕ್ಕಾ. ಬರೆದುಕೊಂಡೆ.

ಸಾಲು ಹಾಕಿದೆ, ನಾಲ್ಕನೇ ಅಧ್ಯಾಯ ಮುಚ್ಚಿದೆ. ಇವತ್ತಿನ ಹಾಳೆಯಲ್ಲಿ ಹೊಸ ಪ್ರಶ್ನೆ ಇದೆ: ‘ಕಾಗದ ಈಗ ಎಲ್ಲಿದೆ?’

ತಿದ್ದುಪಡಿ · ಭಾನುವಾರ, ಬೆಳಗ್ಗೆ 10:00

ಎಲ್ಲಿದೆ?

ಹೊಸಪುಟ · ಭಾನುವಾರ, ರಾತ್ರಿ 9:15

ಗೊತ್ತಾಯಿತು ಮೇಡಂ. ಆದರೆ ಕರಡು_ಮೂರು ಅವರ ಮಾತು ನನಗೆ ಹೊಂದುತ್ತದೆ ಅನ್ನಿಸುತ್ತಿದೆ. ಇಲ್ಲಿ ಹೇಳುವುದಿಲ್ಲ, ನಾಳೆ ಬೆಳಗ್ಗೆ ಬರೆಯುತ್ತೇನೆ.